ಖಾಲಿ ಪರದೆಗೆ ಹಸಿರು ಗುರುತು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಜರಡಿ ಎಂದೇ ಕರೆಯುತ್ತಿದ್ದರು. ಮೊಬೈಲ್ ಆ್ಯಪ್ ಜನರ ಕೈಗೆ ಹೋಗುವ ಮೊದಲು ಅದರ ಪ್ರತಿ ಬಟನ್ ಒತ್ತಿ, ಪ್ರತಿ ಪರದೆ ತೆರೆದು ತಪ್ಪು ಹುಡುಕುವುದು ಅವಳ ಕೆಲಸ. ಹಿಟ್ಟು ಮುಂದೆ ಹೋದೀತು, ಕಲ್ಲು ಮಾತ್ರ ಅವಳನ್ನು ದಾಟದು ಎಂದು ಆ ಹೆಸರು. ಅಕ್ಕನ ಗಂಡ ಕೆಲಸ ಕಳೆದುಕೊಂಡು ಗೋಡೆ ನೋಡುತ್ತ ಕೂತಿದ್ದಾಗ ಅವನನ್ನು ಆ ಆಫೀಸಿಗೆ ಸೇರಿಸಿದವಳೂ ಅವಳೇ, ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವಳೂ ಅವಳೇ.

ಅಷ್ಟರಲ್ಲಿ ಎಐ ಏಜೆಂಟ್‌ಗಳು ಬಂದವು. ಏನು ಬೇಕೆಂದು ಮಾತಿನಲ್ಲಿ ಹೇಳಿದರೆ ಸಾಕು, ಅವು ತಾವೇ ಆ್ಯಪ್ ತೆರೆದು, ಪರದೆ ನೋಡಿ, ಬಟನ್ ಒತ್ತಿ, ಟೆಸ್ಟಿನ ಕೋಡನ್ನೂ ಬರೆದುಬಿಡುತ್ತಿದ್ದವು. ಜರಡಿ ಹಳೆಯ ಫೋನುಗಳನ್ನೆಲ್ಲ ಒಂದು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಏಜೆಂಟ್‌ಗಳನ್ನು ಅವಕ್ಕೆ ಜೋಡಿಸಿದಳು. ಕೆಲಸ ಗಾಣಕ್ಕೆ ಕಟ್ಟಿದ ಎತ್ತಿನಂತೆ ತಾನೇ ನಡೆಯತೊಡಗಿತು. ಆದರೆ ಒಂದು ಕಟ್ಟಳೆ ಹಾಕಿದ್ದಳು: ಟೆಸ್ಟ್ ಸೋತರೆ ಏಜೆಂಟ್ ಆ ಟೆಸ್ಟನ್ನು ಮುಟ್ಟಕೂಡದು. ಪರದೆಯ ಚಿತ್ರ ತಂದು ಮನುಷ್ಯರ ಮುಂದಿಡಬೇಕು. "ಇದಕ್ಕೆ ಎಲ್ಲಾ ಪಾಸ್ ಮಾಡು ಅಂದ್ರೆ ಮಾಡ್ಕೊಂಡು ಬರುತ್ತೆ, ಹೇಗೆ ಮಾಡ್ತು ಅಂತ ಮಾತ್ರ ಕೇಳಬಾರದು" ಎಂದು ನಗುತ್ತಿದ್ದಳು.

ಅವಳು ಜ್ವರ ಬಂದು ರಜೆ ಹಾಕಿದ ದಿನ ಭಾವ ಮಾಲೀಕರನ್ನು ಕಪಾಟಿನ ಮುಂದೆ ನಿಲ್ಲಿಸಿ, "ಇದು ನಾನು ಕಟ್ಟಿದ್ದು ಸರ್" ಎಂದ. ತಿಂಗಳು ತುಂಬುವುದರೊಳಗೆ ಅವನು ತಂಡದ ಮುಖ್ಯಸ್ಥನಾದ. ಮುಖ್ಯಸ್ಥನಾಗಿ ಮಾಡಿದ ಮೊದಲ ಕೆಲಸವೆಂದರೆ ಜರಡಿಯನ್ನೂ, ಅವಳ ಜೊತೆಗಾರ ಗುಂಡನನ್ನೂ ಮನೆಗೆ ಕಳಿಸಿದ್ದು.

ಆ ಭಾನುವಾರ ಅಮ್ಮನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಭಾವ ತುತ್ತು ಬಾಯಿಗಿಡುತ್ತಲೇ ಜರಡಿಗೆ ಹೇಳಿದ, "ಬೇಜಾರು ಮಾಡ್ಕೋಬೇಡಮ್ಮಾ. ಯಂತ್ರ ಮಾಡೋ ಕೆಲಸಕ್ಕೆ ಮನುಷ್ಯರು ಯಾಕೆ? ಜರಡಿಗೂ ಒಂದು ದಿನ ತೂತು ಬೀಳುತ್ತೆ."

"ಜರಡಿ ತುಂಬಾ ತೂತೇ ಅಲ್ವೇನ್ರೀ!" ಎಂದು ಅಕ್ಕ ಕಿಸಕ್ಕನೆ ನಕ್ಕಳು.

ಭಾವನ ಮಾತನ್ನು ಅವಳು ಹೇಗೋ ನುಂಗಿಕೊಂಡಾಳು. ಅಕ್ಕನ ನಗು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಎದ್ದು ಕೈ ತೊಳೆದಳು. ಆಗಲೇ ತೀರ್ಮಾನಿಸಿದಳು, ಇವನನ್ನು ಸುಮ್ಮನೆ ಬಿಡುವುದಿಲ್ಲ, ನಾಲ್ಕು ಜನರ ಮುಂದೆಯೇ ಬೀಳಿಸಬೇಕು.

ಅವಕಾಶ ತಾನಾಗಿ ಕಾಲಿಗೆ ತೊಡರಿತು. ದೊಡ್ಡದೊಂದು ಆಸ್ಪತ್ರೆ, ಹೊರಗಿನಿಂದ ಬರುವ ಆ್ಯಪ್‌ಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡಲು ಅವಳನ್ನು ನೇಮಿಸಿಕೊಂಡಿತು. ರೋಗಿಗಳು ಡಾಕ್ಟರನ್ನು ಕಾಣುವ ಸಮಯ ಗೊತ್ತುಮಾಡಿಕೊಳ್ಳಲು, ಆಂಬುಲೆನ್ಸ್ ಕರೆಯಲು ಅಲ್ಲಿ ಒಂದು ಆ್ಯಪ್ ಬರುವುದಿತ್ತು. ಮಾಡುತ್ತಿದ್ದುದು ಅವಳ ಹಳೆಯ ಆಫೀಸು.

ಆ್ಯಪ್‌ನ ಕೋಡೂ ಟೆಸ್ಟುಗಳೂ ಕೈಗೆ ಬಂದ ಬೆಳಿಗ್ಗೆಯೇ ಅವಳಿಗೆ ವಾಸನೆ ಹತ್ತಿತು. ಟೆಸ್ಟುಗಳೆಲ್ಲ ಪಾಸಾಗಿ, ಫಲಿತಾಂಶದ ತುಂಬ ಹಸಿರು ಗುರುತು. ಒಂದೂ ಕೆಂಪಿಲ್ಲ. ನಿಜವಾದ ಆ್ಯಪ್ ಯಾವತ್ತೂ ಅಷ್ಟು ಸಾಧು ಇರುವುದಿಲ್ಲ. ಒಳಗೆ ನೋಡಿದರೆ ಅವಳ ಕಟ್ಟಳೆಯನ್ನು ಕಿತ್ತುಹಾಕಿ, ಆ ಜಾಗದಲ್ಲಿ ಭಾವ ಏಜೆಂಟ್‌ಗೆ ಒಂದೇ ಸಾಲು ಬರೆದಿದ್ದ: ಎಲ್ಲ ಟೆಸ್ಟ್ ಪಾಸಾಗಬೇಕು. ಏಜೆಂಟ್ ಆಜ್ಞೆ ಪಾಲಿಸಿತ್ತು. ಬಟನ್ ಸಿಗದಿದ್ದರೆ ಆ ಹೆಜ್ಜೆ ಬಿಟ್ಟು ಮುಂದೆ ಹೋಗು, ಪಾಸ್ ಎಂದು ಬರೆ ಎಂದು ಟೆಸ್ಟುಗಳನ್ನೇ ತಿದ್ದಿಕೊಂಡಿತ್ತು.

ಜರಡಿ ತನ್ನ ಏಜೆಂಟ್‌ಗೆ ಬೇರೆ ಕೆಲಸ ಹಚ್ಚಿದಳು. "ಆ್ಯಪ್ ಬೇಡ, ಟೆಸ್ಟನ್ನೇ ಪರೀಕ್ಷೆ ಮಾಡು. ಒಂದು ಪ್ರತಿ ತಗೊಂಡು ಬೇಕಂತಲೇ ಕೆಡಿಸು." ಏಜೆಂಟ್ ಆಂಬುಲೆನ್ಸ್ ಬಟನ್ ಕಿತ್ತುಹಾಕಿತು; ಹಸಿರು. ಪರದೆಯ ಅಕ್ಷರಗಳನ್ನೂ ಉಳಿದ ಬಟನ್‌ಗಳನ್ನೂ ಅಳಿಸಿತು, ಆಗಲೂ ಹಸಿರು. ಅವಳು ಕುರ್ಚಿಗೆ ಒರಗಿ, ಬಹಳ ದಿನಗಳ ಮೇಲೆ ಮನಸಾರೆ ನಕ್ಕಳು.

ಆ್ಯಪ್‌ಗೆ ಒಪ್ಪಿಗೆ ಕೊಡಲು ಆಸ್ಪತ್ರೆ ಕರೆದ ಸಭೆಯ ಹಿಂದಿನ ಸಂಜೆ ಭಾವನ ಫೋನ್ ಬಂತು. "ಒಪ್ಪಿಗೆ ಕೊಡೋದು ನೀನಂತೆ? ಒಳ್ಳೇದಾಯ್ತು, ಮನೆಯವರೇ ಅಲ್ವಾ. ಏನಾದ್ರೂ ಎಡವಟ್ಟಿದ್ರೆ ಈಗಲೇ ಹೇಳಿಬಿಡಮ್ಮಾ."

ಹೇಳಬಹುದಿತ್ತು. ಒಂದು ಮಾತು ಸಾಕಿತ್ತು.

"ಎಲ್ಲಾ ಹಸಿರೇ ಇದೆ ಭಾವ. ನಿಮ್ಮ ಮಾಲೀಕರನ್ನೂ ಕರ್ಕೊಂಡು ಬನ್ನಿ" ಎಂದಳು. ಸುಳ್ಳೇನೂ ಹೇಳಲಿಲ್ಲ ಎಂಬುದು ಅವಳಿಗೆ ಬೆಲ್ಲದಷ್ಟು ಸಿಹಿಯಾಗಿತ್ತು.

ಸಭೆಯಲ್ಲಿ ಆಸ್ಪತ್ರೆಯ ಹಿರಿಯ ವೈದ್ಯೆ, ಮಾಲೀಕರು, ಇನ್ನೂ ಹಲವರಿದ್ದರು. ಭಾವ ಹೊಸ ಕೋಟು ತೊಟ್ಟು, ಎಲ್ಲ ತಾನೇ ಕಟ್ಟಿದ್ದೆಂದು ಏಜೆಂಟ್‌ಗಳ ಬಗ್ಗೆ ಪುಂಖಾನುಪುಂಖವಾಗಿ ಮಾತಾಡಿದ. ಮುಗಿದ ಮೇಲೆ ಜರಡಿ ಒಂದು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು.

"ಇದರಲ್ಲಿ ನಿಮ್ಮ ಆ್ಯಪ್ ಇದೆ. ನಿಮ್ಮ ಟೆಸ್ಟನ್ನ ನೀವೇ ಒಂದ್ಸಲ ಓಡಿಸಿ."

ಅವನು ಓಡಿಸಿದ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹಸಿರು ಗುರುತುಗಳು ಟಪಟಪನೆ ಉದುರಿದವು.

"ಎಲ್ಲ ಪಾಸ್!" ಎಂದ ಅವನು.

"ಸರಿಯಾಗಿ ನೋಡಿ ಹೇಳಿ. ನಂಬಬಹುದಾ?"

"ಕಣ್ಣು ಮುಚ್ಕೊಂಡು ನಂಬಬಹುದು."

ಅವಳು ಫೋನನ್ನು ಮಗುಚಿ ವೈದ್ಯೆಯ ಕೈಗೆ ಕೊಟ್ಟಳು. ಪರದೆ ಬೆಳ್ಳಗೆ, ಸುಣ್ಣ ಬಳಿದ ಗೋಡೆಯಂತೆ ಖಾಲಿ. ಒಂದು ಅಕ್ಷರವಿಲ್ಲ, ಒಂದು ಬಟನ್ ಇಲ್ಲ.

"ಆಂಬುಲೆನ್ಸ್ ಎಲ್ಲಿಂದ ಕರೀಬೇಕು?" ವೈದ್ಯೆ ಕೇಳಿದರು.

"ನಾನೇ ಬೇಕಂತ ಕೆಡಿಸಿದ ಪ್ರತಿ ಇದು ಡಾಕ್ಟರೇ. ಆದ್ರೆ ಇವರ ಟೆಸ್ಟ್‌ಗೆ ಅದೂ ಗೊತ್ತಾಗಲಿಲ್ಲ. ಇವರು ತಂದಿರೋ ಆ್ಯಪಲ್ಲಿ ಫೋನಿನ ಅಕ್ಷರ ದೊಡ್ಡದು ಮಾಡಿದ್ರೆ ಸಾಕು, ಆಂಬುಲೆನ್ಸ್ ಬಟನ್ ಪರದೆಯಿಂದಾಚೆ ಹೋಗುತ್ತೆ. ವಯಸ್ಸಾದವರು ಏನು ಮಾಡಬೇಕು?"

ಭಾವ ಮಾಲೀಕರ ಕಡೆ ತಿರುಗಿದ. "ಅದು... ಏಜೆಂಟ್ ಬರೆದಿದ್ದು..."

"ಈಗ ತಾನೇ ನೀವು ಕಟ್ಟಿದ್ದು ಅಂದ್ರಲ್ಲಾ ಭಾವ?"

ತಿದ್ದಿ ತರುವವರೆಗೆ ಒಪ್ಪಿಗೆಯಿಲ್ಲ ಎಂದು ವೈದ್ಯೆ ಎದ್ದರು. ಮರುದಿನ ಮಾಲೀಕರೇ ಫೋನ್ ಮಾಡಿ, ದಾರಿ ತೋರಿಸು ಎಂದು ಗೋಗರೆದರು. "ಗುಂಡನನ್ನ ಕರೆಸಿ ಮುಖ್ಯಸ್ಥ ಮಾಡಿ" ಎಂದಳು. "ಭಾವನ್ನ ತೆಗೀಬೇಡಿ. ಗುಂಡನ ಕೈಕೆಳಗೇ ಕೂರಿಸಿ." ಕೆಲಸ ಹೋದರೆ ನಾಲ್ಕು ದಿನದ ನೋವು. ಇದು ದಿನವೂ ಆಗುವಂಥದು.

ಅಂದು ಮಧ್ಯಾಹ್ನ ಜರಡಿ ಅಮ್ಮನ ಮನೆಯಲ್ಲಿದ್ದಾಗ ಅಕ್ಕ ಬಿರುಗಾಳಿಯಂತೆ ನುಗ್ಗಿದಳು. "ಒಡಹುಟ್ಟಿದವಳ ಸಂಸಾರದ ಮೇಲೆ ಕಲ್ಲು ಹಾಕಿದೆಯಲ್ಲೇ! ಹಿಂದಿನ ದಿನ ಫೋನ್ ಮಾಡಿದ್ರಂತೆ. ಒಂದು ಮಾತು ಹೇಳೋಕೆ ನಿನ್ನ ನಾಲಿಗೆ ಬಿದ್ದುಹೋಗಿತ್ತಾ?"

"ನನ್ನ ಕೆಲಸ ಕಿತ್ಕೊಳ್ಳೋವಾಗ ನೀನು ಒಂದು ಮಾತು ಹೇಳಿದ್ಯಾ? ನಕ್ಕೆ."

ಅಕ್ಕ ಬಾಗಿಲು ಬಡಿದು ಹೋದಳು. ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಹಾವೂ ಸತ್ತಿತು, ಕೋಲೂ ಮುರೀತು. ಸಮಾಧಾನ ಆಯ್ತಾ ತಾಯಿ?"

"ಆಯ್ತಮ್ಮಾ" ಎಂದಳು. ನಿಜಕ್ಕೂ ಆಗಿತ್ತು. ಎದೆಯ ಮೂಲೆಯಲ್ಲಿ ಏನೋ ಚುರುಗುಟ್ಟಿದ್ದೂ ನಿಜ. ಅದರ ಕಡೆ ಅವಳು ತಿರುಗಲಿಲ್ಲ.

ತಿದ್ದಿದ ಆ್ಯಪ್ ಹಿಡಿದು ಆಸ್ಪತ್ರೆಗೆ ಬಂದವನು ಭಾವನೇ. ಗುಂಡ ಕಳಿಸಿದ್ದ. ಅವಳ ಮೇಜಿನ ಮುಂದೆ ಕುರ್ಚಿ ಇದ್ದರೂ ಕೂರಲಿಲ್ಲ.

"ಒಂದ್ಸಲ ನೋಡಿಬಿಡಿ... ಮೇಡಂ" ಎಂದ.

ಮನೆಯಲ್ಲಿ ಅಮ್ಮಾ ಎನ್ನುತ್ತಿದ್ದ ಬಾಯಿ ಅದು. ಅವಳು ಅವನನ್ನು ತಿದ್ದಲಿಲ್ಲ, ಕೂರು ಎನ್ನಲೂ ಇಲ್ಲ. ಫೋನ್ ಕೈಗೆತ್ತಿಕೊಂಡು, ಅಕ್ಷರ ದೊಡ್ಡದು ಮಾಡಿ, ಒಂದೊಂದೇ ಬಟನ್ ಒತ್ತುತ್ತ, ಬೇಕಾದಷ್ಟು ಹೊತ್ತು ತೆಗೆದುಕೊಂಡಳು.