ಅಬಾಯದ ಅಂಚು

ಯಾರದೋ ಹಸುರು ಬಾವುಟ ಮೂಗಿಗೆ ತಾಗಿ ಸರಿಯಿತು, ಊದ್ ಅತ್ತರಿನ ಘಾಟು, ಫುಟ್‌ಬಾಲ್ ಮ್ಯಾಚು ಮುಗಿದರೂ ಡೋಲು ಬಡಿಯುತ್ತಲೇ ಇದೆ — ಸಫಿಯತ್ ಕೈ ನೋಡಿಕೊಂಡಳು, ಖಾಲಿ, ಈಗಷ್ಟೇ ಮಗಳು ಸಮೀಹಾಳ ಬೆರಳುಗಳಿದ್ದ ಕೈ, ಪಾಪ್‌ಕಾರ್ನಿನ ಉಪ್ಪು ಮಾತ್ರ ಉಳಿದಿದೆ, ತಲೆವಸ್ತ್ರ ಸರಿಪಡಿಸಲೆಂದು ಬಿಟ್ಟದ್ದು ಒಂದು ಕ್ಷಣ, ಉಮ್ಮನ ಅಬಾಯ ಹಿಡ್ಕೋ ಮಗಾ ಎಂದಿದ್ದಳಲ್ಲ, ಹಿಡಿದಿತ್ತಲ್ಲ, ಪುಟ್ಟ ಮುಷ್ಟಿ, ಕರಿ ಬಟ್ಟೆ — ಆದರೆ ಯಾರ ಅಬಾಯ? ಸುತ್ತ ನೂರಾರು ಕರಿ ಅಬಾಯಗಳು, ಪಾದ ಮುಟ್ಟುವ ಅದೇ ನಿಲುವಂಗಿ, ಆರು ವರ್ಷದವಳ ಕಣ್ಣಿನ ಎತ್ತರಕ್ಕೆ ಎಲ್ಲವೂ ಉಮ್ಮನೇ. ಸಮೀಹಾ! ಕೂಗು ಡೋಲಿನೊಳಗೆ ಮುಳುಗಿತು, ಗಂಡ ಶಫೀಕ್ ಕಾರು ತರಲು ಹೋದವನು ಫೋನಿಗೆ ಸಿಗುತ್ತಿಲ್ಲ, ಅವನೇ ಅಲ್ಲವೇ ಹೊಫೂಫಿನಿಂದ ದಮ್ಮಾಮಿಗೆ ಹೊರಡಿಸಿದ್ದು, ಎಂತ ಹೆದರಿಕೆ ಮಾರಾಯ್ತಿ, ಸೌದಿಯಲ್ಲಿ ಹೆಂಗಸರನ್ನು ಸ್ಟೇಡಿಯಮ್ಮಿಗೆ ಬಿಡುದು ಇದೇ ಮೊದಲ ವರ್ಷ, ನಿನ್ನ ಮಕ್ಕಳಿಗೆ ಪಾಠ ಮಾಡ್ಲಿಕ್ಕೆ ಆಯ್ತಲ್ಲ — ಪಾಠ, ಹೌದು, ಚರಿತ್ರೆ ಟೀಚರು ಅವಳು, ಹೋದ ವಾರ ಹನ್ನೊಂದನೆಯ ಕ್ಲಾಸಿಗೆ ರೋಮಿನ ಕೊಲೊಸಿಯಂ ಪಾಠ, ಎಷ್ಟು ಹೆಮ್ಮೆಯಿಂದ, ನೋಡಿ, ಹೆಂಗಸರಿಗೆ ತೀರ ಮೇಲಿನ ಸಾಲು, ಸುತ್ತ ಎಂಬತ್ತು ಬಾಗಿಲು, ಅಷ್ಟು ಜನವೂ ಚಕಚಕನೆ ಖಾಲಿ, ಎಂಥ ಬುದ್ಧಿವಂತರು ಕಟ್ಟಿದವರು — ಬುದ್ಧಿಯಂತೆ, ಮಣ್ಣಾಂಗಟ್ಟಿ! ಇಲ್ಲಿ ಎಷ್ಟು ಬಾಗಿಲೋ, ಯಾವ ಬಾಗಿಲಿನಾಚೆ ಯಾರ ಕಾರೋ.

ಕೊಲೊಸಿಯಂ ಅಂಗಳದ ಮರಳಿನಡಿಯ ಕತ್ತಲ ಗೂಡುಗಳನ್ನೂ ಬೋರ್ಡಿನಲ್ಲಿ ಬರೆದು ತೋರಿಸಿದ್ದಳು, ಹಗ್ಗ ಎಳೆದರೆ ಕದ ತೆರೆದು ಸಿಂಹ ಎದುರಿಗೇ, ಮೇಲೆ ಕುಳಿತವರು ಹಣ್ಣು ತಿನ್ನುತ್ತ ನೋಡುತ್ತಿದ್ದರು, ಸತ್ತವರನ್ನು ಸಾಗಿಸಲು ಬೇರೆಯೇ ಬಾಗಿಲು, ಕಾಲಾಂತರದಲ್ಲಿ ಆಟ ನಿಂತಿತು, ಭೂಕಂಪಕ್ಕೆ ಗೋಡೆ ಬಿತ್ತು, ಕಲ್ಲನ್ನು ಜನ ಮನೆ ಕಟ್ಟಲು ಹೊತ್ತೊಯ್ದರು, ಕಮಾನುಗಳಡಿ ಸಂಸಾರ ಹೂಡಿದರು — ಅವತ್ತು ಊಟಕ್ಕೆ ಕೂತು ಸಮೀಹಾ ಕೇಳಿದ್ದಳು, ಉಮ್ಮಾ, ಲಯನ್ ಬರುವಾಗ ಬೇಬಿ ಅಲ್ಲಿದ್ರೆ ಅದರ ಉಮ್ಮ ಎಲ್ಲಿರ್ತಾರೆ? ಮೇಲಿನ ಸಾಲಿನಲ್ಲಿ ಎಂದು ನಕ್ಕಿದ್ದಳು ಸಫಿಯತ್, ಯಾ ಅಲ್ಲಾಹ್, ನಕ್ಕಿದ್ದಳು. ಯಲ್ಲಾ ಮದಾಮ್, ಯಲ್ಲಾ, ಕಾವಲಿನವನು ಕೈಬೀಸಿ ಹೊರಗಟ್ಟುತ್ತಾನೆ, ಬಿಂತಿ, ನನ್ನ ಮಗಳು, ಬಿಂತಿ, ಅರಬಿಯೆಲ್ಲ ಮರೆತು ಆ ಒಂದೇ ಶಬ್ದ ಬಾಯಲ್ಲಿ, ಹಿಂದಿನಿಂದ ಜನ ನೂಕುತ್ತಾರೆ — ಅಷ್ಟರಲ್ಲಿ ಅಬಾಯ ಜಗ್ಗಿತು, ಕೆಳಗೆ ಪುಟ್ಟ ಮುಷ್ಟಿ, ಅಲ್‌ಹಮ್ದುಲಿಲ್ಲಾಹ್, ಹೋದ ಜೀವ ಬಂತು, ಎಲ್ಲಿ ಹೋಗಿದ್ದೆ ನನ್ನ ಬಂಗಾರ ಎನ್ನುತ್ತ ಬಗ್ಗಿದಳು — ಗುಂಗುರು ಕೂದಲು, ಕೆಂಪು ಬೂಟು, ಯಾರದೋ ಮಗು, ತಲೆಯೆತ್ತಿ ಅವಳ ಮುಖ ಕಂಡದ್ದೇ ಯುಮ್ಮಾ ಎಂದು ಚೀರಿತು, ಹಿಡಿದದ್ದನ್ನು ಮಾತ್ರ ಬಿಡಲಿಲ್ಲ. ಹಾಗಾದರೆ ಇದರ ತಾಯಿಯ ಹಿಂದೆ ಯಾರು, ಸಮೀಹಾ ತಿರುಗಿ ನೋಡದ ಯಾವ ಹೆಂಗಸಿನ ಹಿಂದೆ, ಯಾವ ಬಾಗಿಲು ದಾಟಿ, ಉಪ್ಪು ಹತ್ತಿದ ಬೆರಳು, ಪುಟ್ಟ ಮುಷ್ಟಿ, ಕರಿ ಬಟ್ಟೆ, ಮುಷ್ಟಿ, ಕರಿ ಬಟ್ಟೆ —