ಕೊಡದಲ್ಲಿಲ್ಲದ ಚೀಟಿ

ಶಿರಗುಪ್ಪಿಯ ಅಣ್ಣಾಸಾಬನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ ಎಂದು ಸುತ್ತಲಿನ ಐದು ತಾಲ್ಲೂಕಿನ ಜನ ನಂಬಿದ್ದರು. ಜನ ನಂಬಿದ್ದರೆ ಅಡ್ಡಿಯಿರಲಿಲ್ಲ, ಅವನೂ ನಂಬಿಬಿಟ್ಟಿದ್ದ. ಎಂಟು ಎಕರೆ ಕಬ್ಬು, ಎರಡು ಎಕರೆ ದ್ರಾಕ್ಷಿ ಇರುವವನಿಗೆ ಆಕ್ಟೋಪಸ್ಸಿಗೆ ಎಷ್ಟು ಹೃದಯ ಎಂಬುದು ಯಾಕೆ ಬೇಕು ಎಂದು ಹೆಂಡತಿ ಅನುಸೂಯಾ ಮದುವೆಯಾದ ವರ್ಷವೇ ಕೇಳಿದ್ದಳು. ಮೂರು ಎಂದು ಅವನು ಉತ್ತರ ಕೊಟ್ಟಿದ್ದ. ಅವಳು ಕೇಳಿದ್ದು ಅದನ್ನಲ್ಲ ಎಂಬುದು ಅವನಿಗೆ ಇವತ್ತಿಗೂ ಹೊಳೆದಿಲ್ಲ.

ಪ್ರತಿ ಜನವರಿಯಲ್ಲಿ ಅಪ್ಪನ ಹೆಸರಿನಲ್ಲಿ ಅವನು ಕಾಗವಾಡದಲ್ಲಿ ಸಾಮಾನ್ಯ ಜ್ಞಾನದ ಸ್ಪರ್ಧೆ ನಡೆಸುತ್ತಿದ್ದ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯಿಂದೆಲ್ಲ ಹೈಸ್ಕೂಲಿನ ಮಕ್ಕಳು ಟೆಂಪೋ ತುಂಬಿಕೊಂಡು ಬರುತ್ತಿದ್ದರು. ಪ್ರಶ್ನೆ ಬರೆಯುವವನು, ಓದುವವನು, ತೀರ್ಪು ಕೊಡುವವನು ಎಲ್ಲ ಅವನೇ. ಒಂದೊಂದು ಪ್ರಶ್ನೆಗೂ ಒಂದು ರಟ್ಟಿನ ಚೀಟಿ, ಮುಂದೆ ಪ್ರಶ್ನೆ, ಹಿಂದೆ ಉತ್ತರ. ಉತ್ತರ ಸರಿಯಿದ್ದರೆ ಚಪ್ಪಾಳೆ. ತಪ್ಪಿದ್ದರೆ ಪಕ್ಕದಲ್ಲಿ ತೂಗುಬಿಟ್ಟ ಜಾಗಟೆಗೆ ಒಂದು ಏಟು. ಆ ಏಟು ಹೊಡೆಯುವಾಗ ಅಣ್ಣಾಸಾಬನ ಮುಖ ನೋಡಬೇಕು, ಮಂಗಳಾರತಿ ಮಾಡುವ ಪೂಜಾರಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ.

ಅವನದೇ ಇನ್ನೊಂದು ಪದ್ಧತಿ ಇತ್ತು. ಕೊನೆಯ ಸುತ್ತಿಗೆ ಹಳೆ ಪ್ರಶ್ನೆ. ಹಿಂದಿನ ವರ್ಷಗಳ ಚೀಟಿಗಳನ್ನೆಲ್ಲ ಅಜ್ಜಿಯ ಕಾಲದ ಒಂದು ದೊಡ್ಡ ಹಿತ್ತಾಳೆ ಕೊಡದಲ್ಲಿ ಹಾಕಿಟ್ಟಿದ್ದ. ಕೂತವರಲ್ಲಿ ಒಬ್ಬರನ್ನು ವೇದಿಕೆಗೆ ಕರೆದು ಕೊಡಕ್ಕೆ ಕೈಹಾಕಿಸುತ್ತಿದ್ದ, ಬಂದ ಚೀಟಿಯ ಪ್ರಶ್ನೆಯನ್ನು ಕೇಳುತ್ತಿದ್ದ. "ಈ ಕೊಡದಾಗ ಬಿದ್ದ ಚೀಟಿ ಹೊರಗ ಹೋಗೂದಿಲ್ಲ. ಎಲ್ಲಾ ಪ್ರಶ್ನೆನೂ ತನ್ನ ಪಾಳಿಗೆ ಮತ್ತ ಬಂದ ಬರತೈತಿ," ಎಂದು ಪ್ರತಿವರ್ಷ ಮೈಕಿನಲ್ಲಿ ಹೇಳುತ್ತಿದ್ದ. ಜನ ಇದನ್ನೂ ನಂಬಿದ್ದರು.

ಏಳು ವರ್ಷದ ಹಿಂದಿನ ಸ್ಪರ್ಧೆಗೆ ಕಬ್ಬೂರಿನಿಂದ ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ ಬಂದಿದ್ದಳು. ಹೆಸರು ಸೀಮಾ, ಕುರಿ ಕಾಯುವ ಮಾಳೇಶನ ಮಗಳು. ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ನದಿಗಳ ಬಗ್ಗೆ, ಶಾಸನಗಳ ಬಗ್ಗೆ, ಹಕ್ಕಿಗಳ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಹೇಳಿ ಫೈನಲ್ಲಿಗೆ ಬಂದಿದ್ದಳು. ಅಲ್ಲಿ ಅಣ್ಣಾಸಾಬ ಕೇಳಿದ: "ಸಾರಂಗಿಯ ಮುಖ್ಯ ತಂತಿಗಳನ್ನು ಯಾವುದರಿಂದ ಮಾಡುತ್ತಾರೆ?"

ಹುಡುಗಿ ಒಂದು ಕ್ಷಣವೂ ತಡೆಯಲಿಲ್ಲ. "ಆಡಿನ ಕರುಳಿಂದ್ರಿ ಸರ್."

ಚೀಟಿಯ ಹಿಂದೆ ಉಕ್ಕು ಎಂದಿತ್ತು. ಅದನ್ನು ಅಣ್ಣಾಸಾಬ ಯಾವ ಪುಸ್ತಕದಿಂದಲೂ ತೆಗೆದಿರಲಿಲ್ಲ. ಎಲ್ಲೋ ಒಂದು ಫೋಟೋದಲ್ಲಿ ಸಾರಂಗಿಯ ತುಂಬ ಥಳಥಳ ಹೊಳೆಯುವ ತಂತಿಗಳನ್ನು ಕಂಡಿದ್ದ, ಹೊಳೆಯುವುದು ಉಕ್ಕಲ್ಲದೆ ಇನ್ನೇನು ಎಂದು ಬರೆದುಬಿಟ್ಟಿದ್ದ. ಅವನು ಜಾಗಟೆ ಬಾರಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಅದು ಬರೀ ತಪ್ಪಾಗಿ ಉಳಿಯುತ್ತಿತ್ತು. ಆದರೆ ಸಭೆ ಕಂಡರೆ ಅಣ್ಣಾಸಾಬನ ನಾಲಿಗೆ ಸುಮ್ಮನಿರುವಂಥದ್ದಲ್ಲ. "ಅಡಿಗಿ ಕೇಳಿಲ್ಲವಾ ನಾನು, ವಾದ್ಯ ಕೇಳೇನಿ!" ಎಂದ. ಇಡೀ ಸಭಾಂಗಣ ಗೊಳ್ಳೆಂದಿತು. ಮೇಷ್ಟ್ರುಗಳೂ ನಕ್ಕರು. ಹುಡುಗಿ ಕೂರಲಿಲ್ಲ. ನಗು ಇಳಿಯುವತನಕ ನಿಂತಿದ್ದು, ಮೆಲ್ಲಗೆ ಹೇಳಿದಳು: "ನಾ ಮುಟ್ಟೇನ್ರಿ ಸರ್."

"ಮುಂದಿನ ಪ್ರಶ್ನೆ," ಎಂದ ಅಣ್ಣಾಸಾಬ.

ಆ ವರ್ಷ ದೀಪಾವಳಿಯ ಹೊತ್ತಿಗೆ ಊರ ಭಜನಾ ಮಂಡಳಿಯ ಹಾರ್ಮೋನಿಯಂ ಕೆಟ್ಟಿತು. ರಿಪೇರಿಗೆಂದು ಅವನು ಅದನ್ನು ಮಿರಜಿಗೆ ಒಯ್ದ. ವಾದ್ಯದಂಗಡಿಯ ಚಾಚಾ ಹಾರ್ಮೋನಿಯಂ ಬಿಚ್ಚುತ್ತಿದ್ದರೆ, ಇವನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ. ಎರಡು ಗೂಟಗಳ ನಡುವೆ ಹಳದಿ ಬಣ್ಣದ ಒದ್ದೆ ಎಳೆಗಳನ್ನು ಹುರಿಮಾಡಿ ಬಿಗಿದು ಒಣಗಲು ಬಿಟ್ಟಿದ್ದರು. ಅದೇನೆಂದು ಕೇಳಿದ. ಆಡಿನ ಕರುಳು, ಸಾರಂಗಿಯ ತಂತಿಗೆ ಎಂದರು ಚಾಚಾ. ಅಣ್ಣಾಸಾಬ ತಂತಿ ಉಕ್ಕಿನದಲ್ಲವೇ ಎಂದು ತಡವರಿಸಿದ. ಚಾಚಾ ಗೋಡೆಯ ಮೇಲಿನ ಸಾರಂಗಿಯನ್ನು ಇಳಿಸಿ ತೋರಿಸಿದರು.

"ಈ ಲೋಹದ್ದು ಮೂವತ್ತಕ್ಕೂ ಜಾಸ್ತಿ ಐತಿ ನೋಡ್ರಿ, ಇದನ್ನ ಯಾರೂ ಬಾರಸೂದಿಲ್ಲ. ಕಮಾನು ಆಡೂದು ಈ ಮೂರು ಕರುಳಿನ ಮ್ಯಾಲ. ಇವು ಹಾಡಿದ್ರ ಅವು ತಾವ ಗುಂಯ್ ಅಂತಾವ. ನಿಮ್ಮ ಕಡೀ ಮಂದೀನ ತಂದು ಕೊಡತಿದ್ರಲ್ಲ ಸಾಹೇಬ, ಕಬ್ಬೂರಿನ ಧನಗರ ಮಾಳೇಶ. ಮನ್ಯಾಗ ತೊಳದು, ಕೆರದು, ಸ್ವಚ್ಛ ಮಾಡಿ ತರತಿದ್ದ. ಅವನ ಜೋಡಿ ಮಗಳು ಬರತಿತ್ತು. ಭಾರೀ ಹುಷಾರ ಪೋರಿ, ಕುಂತಲ್ಲಿ ಕುಂತು ನೂರು ಪ್ರಶ್ನೆ ಕೇಳತಿತ್ತು. ಮಳಿಗಾಲದಾಗ ಡೆಂಗಿ ಜ್ವರ ಬಂದು ತೀರಿಹೋತು. ಅವ ಆಮ್ಯಾಲ ಬಂದೇ ಇಲ್ಲ."

ಹೀಗೆ ಒಂದೇ ಉಸಿರಿನಲ್ಲಿ ಅವನಿಗೆ ಎರಡೂ ತಿಳಿದವು. ಅವಳು ಹೇಳಿದ್ದು ಸರಿ ಎಂಬುದು, ಮತ್ತು ಅದನ್ನು ಹೇಳಲು ಅವಳಿಲ್ಲ ಎಂಬುದು.

ಒಳ್ಳೆಯ ಮನುಷ್ಯನಾಗಿದ್ದರೆ ಅಲ್ಲಿಂದ ನೆಟ್ಟಗೆ ಕಬ್ಬೂರಿಗೆ ಹೋಗುತ್ತಿದ್ದ. ಅಣ್ಣಾಸಾಬ ಕೆಟ್ಟವನೇನಲ್ಲ, ಆದರೆ ಹೆಸರಿನ ಆಸೆ ಬಿಟ್ಟವನೂ ಅಲ್ಲ. ಆ ಸಾರಂಗಿಯನ್ನು ಕೊಂಡುಕೊಂಡ. ಮನೆಗೆ ಬಂದು, ಕೊಡವನ್ನು ನೆಲಕ್ಕೆ ಬೋರಲು ಹಾಕಿ, ಸಾವಿರ ಚೀಟಿಗಳಲ್ಲಿ ಹುಡುಕಿ ಆ ಒಂದು ಚೀಟಿಯನ್ನು ತೆಗೆದ. ಹರಿದು ಒಲೆಗೆ ಹಾಕಬೇಕೆಂದುಕೊಂಡವನಿಗೆ ಕೈ ಬರಲಿಲ್ಲ. ಅಂಗಿಯ ಒಳಜೇಬಿಗೆ ಹಾಕಿಕೊಂಡ. ಅಂಗಿ ಬದಲಾದಂತೆ ಚೀಟಿಯೂ ಜೇಬಿನಿಂದ ಜೇಬಿಗೆ ಬದಲಾಗುತ್ತ ಹೋಯಿತು.

ಸಾರಂಗಿಯನ್ನು ಪಡಸಾಲೆಯ ಗೋಡೆಗೆ ತೂಗುಹಾಕಿದ. ನುಡಿಸಲು ಅವನಿಗೆ ಬಾರದು. ಅದು ತಾನೇ ನುಡಿಯತೊಡಗಿತು. ಅಂಗಳದಲ್ಲಿ ಟ್ರ್ಯಾಕ್ಟರ್ ಚಾಲೂ ಮಾಡಿದರೆ ಗುಂಯ್ ಎನ್ನುತ್ತಿತ್ತು. ಕುಕ್ಕರಿನ ಸೀಟಿಗೆ, ಫ್ಯಾಕ್ಟರಿಯ ಭೋಂಗಾ ಕೂಗಿದ್ದಕ್ಕೆ, ಅನುಸೂಯಾಳ ಕೈಜಾರಿ ತಾಟು ಬಿದ್ದಿದ್ದಕ್ಕೆ ಕೂಡ. ಒಂದು ಸದ್ದಿಗೆ ಅದೇ ಸ್ವರದ ತಂತಿ ದೂರದಿಂದಲೇ ಕಂಪಿಸುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅವನೇ ಮೂರು ಸಲ ಆ ಪ್ರಶ್ನೆ ಕೇಳಿದ್ದ. ಗೊತ್ತಿದ್ದರೇನು, ಗುಂಯ್ ಎನ್ನುವುದು ತೆಳ್ಳಗಾಗುತ್ತ ಹೋಗಿ, ಇನ್ನೇನು ನಿಂತಿತು ಎನ್ನುವಾಗ ಅದರ ಬಾಲದಲ್ಲಿ ಒಂದು ಸಣ್ಣ ದನಿ ಕೇಳುತ್ತಿತ್ತು. ನಾ ಮುಟ್ಟೇನ್ರಿ ಸರ್. ನಡುಮಧ್ಯಾಹ್ನ, ಬಿಸಿಲು ಪಡಸಾಲೆಯ ತನಕ ಬಂದಿರುವಾಗಲೂ ಅವನ ಮೈಮೇಲಿನ ಕೂದಲು ನೆಟ್ಟಗಾಗುತ್ತಿದ್ದವು.

"ಅದನ್ನ ಯಾರಿಗರೆ ಕೊಟ್ಟುಬಿಡ್ರಿ. ಮನ್ಯಾಗ ಯಾರೋ ಕುಂತಂಗ ಆಗತೈತಿ," ಎಂದು ಅನುಸೂಯಾ ಎಷ್ಟೋ ಸಲ ಹೇಳಿದಳು. ಅವನು ಕೊಡಲಿಲ್ಲ. ಕೊಟ್ಟರೆ ದನಿ ತನ್ನ ಬೆನ್ನಹಿಂದೆ ಕಬ್ಬಿನ ಗದ್ದೆಗೂ ಬರುತ್ತದೆ, ಅಲ್ಲಿ ಇನ್ನೂ ಕಷ್ಟ ಎಂದು ಅವನಿಗೆ ಅನಿಸಿತ್ತು.

ಮುಂದಿನ ಜನವರಿಯಲ್ಲಿ ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ ಒಬ್ಬ ಹೆಂಗಸು ಬಂದು ಕೂತಳು. ಹೆಗಲ ಮೇಲೆ ಕರಿ ಕಂಬಳಿ. ಜೊತೆಗೆ ಯಾವ ಮಕ್ಕಳೂ ಇಲ್ಲ. ಬೆಳಿಗ್ಗೆಯಿಂದ ಒಂದು ಪ್ರಶ್ನೆಗೂ ಅಲುಗಾಡದೆ ಕೂತವಳು ಹಳೆ ಪ್ರಶ್ನೆಯ ಸುತ್ತು ಬಂದಾಗ ಮಾತ್ರ ಮುಂದಕ್ಕೆ ಬಾಗಿದಳು. ಚೀಟಿ ಓದಿದ್ದೇ ತಡ, ಎದ್ದು ಹೋದಳು. ಯಾರು ಎಂದು ಅಣ್ಣಾಸಾಬ ಕಬ್ಬೂರಿನ ಮೇಷ್ಟ್ರನ್ನು ಕೇಳಿದ.

"ಆ ಸೀಮಾನ ಅವ್ವರಿ, ಕೆಂಪವ್ವ. ಮಗಳ ಪ್ರಶ್ನೆ ಕೊಡದಾಗಿಂದ ಮತ್ತ ಬರತೈತಂತ, ಕೇಳಾಕ ಬಂದಾಳ. ಹುಡುಗಿ ಸಾಯೂ ಮುಂದನೂ ನನ್ನ ಉತ್ತರ ಸರಿ ಐತಿ ಅಂತಿತ್ತಂತ."

ಆವತ್ತು ಅಣ್ಣಾಸಾಬ ಊಟ ಮಾಡಲಿಲ್ಲ. ಆದರೂ ಚೀಟಿಯನ್ನು ಕೊಡಕ್ಕೆ ಹಾಕಲಿಲ್ಲ. ಒಂದು ವರ್ಷ ಕಳೆದ ಮೇಲೆ ಹಾಕುವುದು ಇನ್ನೂ ಕಷ್ಟವಾಯಿತು, ಎರಡು ವರ್ಷದ ಮೇಲೆ ಅದಕ್ಕಿಂತ ಕಷ್ಟ. ಕೆಂಪವ್ವ ಮಾತ್ರ ತಪ್ಪಿಸಲಿಲ್ಲ. ಕೊರೊನಾದ ವರ್ಷವೊಂದು ಬಿಟ್ಟರೆ ಪ್ರತಿ ಜನವರಿ ಅದೇ ಸಾಲು, ಅದೇ ಕುರ್ಚಿ, ಅದೇ ಕಂಬಳಿ. ಚೀಟಿ ಎತ್ತಲು ಅಣ್ಣಾಸಾಬ ಯಾವಾಗಲೂ ಮೊದಲ ಸಾಲಿನವರನ್ನೇ ಕರೆಯುತ್ತಿದ್ದ. ಸುಳ್ಳು ಕೊಡದ ಮುಂದೆ ಆ ತಾಯಿ ಬಾಗಿ ಕೂರುವುದನ್ನು ನೋಡಲಾಗದೆ ಕಣ್ಣು ಚೀಟಿಯ ಮೇಲೇ ಇಡುತ್ತಿದ್ದ. ನಾಚಿಕೆ ಎಂದರೆ ಏನೆಂದು ಯಾರಾದರೂ ಸ್ಪರ್ಧೆಯಲ್ಲಿ ಕೇಳಿದ್ದರೆ ಅವನ ಮುಖವನ್ನು ತೋರಿಸಿದರೆ ಸಾಕಿತ್ತು.

ಈ ವರ್ಷ ಫೈನಲ್ಲಿನಲ್ಲಿ ನಿಪ್ಪಾಣಿಯ ಎರಡು ಹೆಣ್ಣುಮಕ್ಕಳು, ಅಥಣಿಯ ಎರಡು ಗಂಡುಮಕ್ಕಳು ಉಳಿದಿದ್ದರು. ಹಳೆ ಪ್ರಶ್ನೆಯ ಸುತ್ತು ಬಂತು. ಅಣ್ಣಾಸಾಬ ಮೊದಲ ಸಾಲಿನ ಕಡೆ ಕೈ ಮಾಡುವುದಕ್ಕೂ ಮೊದಲೇ ಮೂರನೇ ಸಾಲಿನಲ್ಲಿ ಕಂಬಳಿ ಎದ್ದು ನಿಂತಿತು.

"ಈ ಸಲ ನಾ ಎತ್ತತೀನ್ರಿ ಸಾಹೇಬ್ರ. ಕಣ್ಣಾಗ ಪೊರಿ ಬಂದೈತಿ. ಮುಂದಿನ ವರ್ಷ ದಾರಿ ಕಾಣ್ತೈತೋ ಇಲ್ಲೋ."

ಅಣ್ಣಾಸಾಬ ಪಕ್ಕಕ್ಕೆ ಸರಿದ. ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಕೊಡದೊಳಗೆ ಮೊಳಕೈತನಕ ಕೈ ಇಳಿಬಿಟ್ಟು ಬಹಳ ಹೊತ್ತು ಕಲಕಿದಳು. ಕತ್ತಲಲ್ಲಿ ಮರಿಯನ್ನು ಮುಟ್ಟಿ ನೋಡಿ ಗುರುತು ಹಿಡಿಯುವವರ ಹಾಗೆ ಒಂದೊಂದನ್ನೂ ಬೆರಳಿನಿಂದ ಸವರಿದಳು. ಕೊನೆಗೆ ಒಂದನ್ನು ಎತ್ತಿ ಅವನ ಕೈಗಿಟ್ಟಳು. ಕಂಚು ಯಾವ ಎರಡು ಲೋಹಗಳ ಮಿಶ್ರಣ ಎಂಬ ಪ್ರಶ್ನೆ ಅದು. ಓದಿದರೆ ಮುಗಿಯುತ್ತಿತ್ತು. ತಾಮ್ರ ಮತ್ತು ತವರ ಎಂದು ಯಾವ ಮಗು ಬೇಕಾದರೂ ಹೇಳುತ್ತಿತ್ತು, ಚಪ್ಪಾಳೆ ಬೀಳುತ್ತಿತ್ತು, ಕೆಂಪವ್ವ ಮೆಟ್ಟಿಲಿಳಿದು ಹೋಗುತ್ತಿದ್ದಳು, ಇನ್ನೆಂದೂ ಬರುತ್ತಿರಲಿಲ್ಲ.

ಸಭಾಂಗಣದಲ್ಲಿ ಯಾವ ಸಾರಂಗಿಯೂ ಇರಲಿಲ್ಲ. ಆದರೂ ಅವನ ಕಿವಿಯ ಹತ್ತಿರ ಗುಂಯ್ ಎಂದಿತು. ನಾ ಮುಟ್ಟೇನ್ರಿ ಸರ್. ಇದುವರೆಗೆ ಅದು ಅಷ್ಟು ಹತ್ತಿರ ಬಂದಿರಲಿಲ್ಲ.

"ಸಾರಂಗಿಯ ಮುಖ್ಯ ತಂತಿಗಳನ್ನು ಯಾವುದರಿಂದ ಮಾಡುತ್ತಾರೆ?" ಎಂದು ಅವನ ಬಾಯಿ ಕೇಳಿತು.

ನಿಪ್ಪಾಣಿಯ ಹುಡುಗಿಯರು ಗಂಟೆ ಒತ್ತಿದರು. "ಉಕ್ಕು ಸರ್!"

ಅವನು ಜಾಗಟೆ ಬಾರಿಸಿದ. ಹುಡುಗಿಯರ ಮುಖ ಸಪ್ಪಗಾಯಿತು. ಒಬ್ಬಳು ಧೈರ್ಯ ಮಾಡಿ, "ಸರ್, ನಿಮ್ಮ ಪುಸ್ತಕದಾಗ ಹಂಗs ಐತ್ರಿ, ಬಾಯಿಪಾಠ ಮಾಡೇವಿ," ಎಂದಳು. ಪ್ರತಿವರ್ಷದ ಪ್ರಶ್ನೋತ್ತರಗಳನ್ನು ಅವನೇ ಅಚ್ಚು ಹಾಕಿಸಿ ಶಾಲೆಗಳಿಗೆ ಹಂಚಿದ್ದ. ಏಳು ವರ್ಷ ಐದು ತಾಲ್ಲೂಕಿನ ಮಕ್ಕಳು ಅವನ ತಪ್ಪನ್ನು ಕಣ್ಣು ಮುಚ್ಚಿ ಉರುಹೊಡೆದಿದ್ದರು.

"ಪುಸ್ತಕ ತಪ್ಪೈತವಾ," ಎಂದ ಅಣ್ಣಾಸಾಬ. "ಆಡಿನ ಕರುಳು. ಅದs ಸರಿ ಉತ್ತರ. ಏಳು ವರ್ಷದ ಹಿಂದ ಇದs ಜಾಗಾದಾಗ ನಿಂತು ಕಬ್ಬೂರಿನ ಸೀಮಾ ಹೇಳಿದ್ಲು. ನಾ ಜಾಗಟಿ ಬಾರಿಸಿದ್ನಿ. ನಕ್ಕೆ. ನಿಮ್ಮನ್ನೆಲ್ಲಾ ನಗಿಸಿದ್ನಿ." ಮೈಕು ಕೆಳಗಿಟ್ಟು ಕೆಂಪವ್ವನ ಕಡೆ ತಿರುಗಿ ಕೈ ಮುಗಿದ. "ನಿನ್ನ ಮಗಳು ಹೇಳಿದ್ದು ಖರೇ ಇತ್ತವ್ವಾ."

ಕೆಂಪವ್ವ ಅಳುತ್ತಾಳೆಂದು ಎಲ್ಲರೂ ಕಾದರು. ಅವಳು ಅಳಲಿಲ್ಲ.

"ನನಗ ಗೊತ್ತೈತ್ರಿ. ಆ ಕರುಳು ತೊಳದಾಕಿ ನಾನs. ಅಕಿ ಮಗ್ಗಲಾಗ ಕುಂತು ನೀರು ಹಾಕತಿದ್ಲು. ನಾ ಉತ್ತರ ಕೇಳಾಕ ಬರತಿರಲಿಲ್ಲ ಸಾಹೇಬ್ರ. ನೀವು ಯಾವಾಗ ಹೇಳ್ತೀರಿ ಅಂತ ನೋಡಾಕ ಬರತಿದ್ನಿ." ಆಮೇಲೆ ಕೈ ಚಾಚಿದಳು. "ಆ ಚೀಟಿ ಕೊಡ್ರಿ. ಅಕಿ ಪುಸ್ತಕದ ಚೀಲದಾಗ ಇಡತೀನಿ."

ಅಣ್ಣಾಸಾಬನ ಕೈಯಲ್ಲಿದ್ದದ್ದು ಕಂಚಿನ ಚೀಟಿ. ಓದು ಬಾರದವಳಿಗೆ ಅದನ್ನೇ ಕೊಟ್ಟರೂ ನಡೆಯುತ್ತಿತ್ತು. ಅವನು ಒಳಜೇಬಿಗೆ ಕೈಹಾಕಿದ. ಬೆವರು ಕುಡಿದು, ಅಂಚು ಸವೆದು, ಬಟ್ಟೆಯಷ್ಟು ಮೆತ್ತಗಾದ ಚೀಟಿಯನ್ನು ಅವಳ ಅಂಗೈ ಮೇಲಿಟ್ಟ.

ಕೆಂಪವ್ವ ಹೆಬ್ಬೆರಳಿನಿಂದ ಅದನ್ನು ಸವರಿದಳು. ಇನ್ನೊಂದು ಸಲ ಸವರಿದಳು. ಕೊಡದ ಕಡೆ ನೋಡಿದಳು, ಅವನ ಜೇಬಿನ ಕಡೆ ನೋಡಿದಳು.

"ಕೊಡದಾಗಿನ್ವು ಬಿರಸು ಇದ್ದುವು. ಇದು ಅದರಾಗ ಇರಲಿಲ್ಲೇನ್ರಿ?"

"ಇರಲಿಲ್ಲವ್ವಾ."

"ಒಂದು ವರ್ಷನೂ?"

ಅವನು ಇಲ್ಲವೆಂದು ತಲೆಯಾಡಿಸಿದ.

ಅವಳ ಮುಖ ಆಗ ಕುಸಿಯಿತು. ಕರುಳು ತೊಳೆದಾಗ, ಮಗಳನ್ನು ಮಣ್ಣು ಮಾಡಿದಾಗ ಗಟ್ಟಿ ನಿಂತವಳು ಆ ಚೀಟಿಯಿಲ್ಲದ ಕೊಡದ ಮುಂದೆ ಕಾದ ವರ್ಷಗಳಿಗೆ ಅತ್ತಳು, ಎಲ್ಲರೆದುರಿಗೆ, ಸೆರಗು ಬಾಯಿಗಿಟ್ಟುಕೊಳ್ಳದೆ. ಅಣ್ಣಾಸಾಬನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅತ್ತು ಮುಗಿದ ಮೇಲೆ ಅವಳು ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮೇಜಿನ ಮೇಲಿದ್ದ ಕೋಲನ್ನು ತೆಗೆದುಕೊಂಡು ಜಾಗಟೆಗೆ ಒಂದು ಏಟು ಹೊಡೆದಳು. ಹೊಡೆದು ಕೋಲನ್ನು ಅವನ ಕೈಗೇ ಕೊಟ್ಟು, ಗೋಡೆ ಹಿಡಿದು ಮೆಟ್ಟಿಲಿಳಿದು, ಮೂರನೇ ಸಾಲಿನ ತನ್ನ ಕುರ್ಚಿಯಲ್ಲಿ ಹೋಗಿ ಕೂತಳು.

ಸದ್ದು ಆರಲು ಬಹಳ ಹೊತ್ತು ಹಿಡಿಯಿತು. ಅದರ ಬಾಲದಲ್ಲಿ ಆ ಸಣ್ಣ ದನಿ ಬರುತ್ತದೆಂದು ಅಣ್ಣಾಸಾಬ ಕಿವಿಗೊಟ್ಟು ಕಾದ. ಬರಲಿಲ್ಲ. ಇಷ್ಟು ವರ್ಷ ಯಾವುದನ್ನು ಕೇಳಿ ಹೆದರುತ್ತಿದ್ದನೋ, ಅದೊಮ್ಮೆ ಕೇಳಲಿ ಎಂದು ಜೀವ ಹಂಬಲಿಸಿತು. ಮಕ್ಕಳು ಅವನ ಮುಖವನ್ನೇ ನೋಡುತ್ತಿದ್ದರು. ಕೈಯಲ್ಲಿ ಕೋಲು ಹಿಡಿದುಕೊಂಡು ಅವನು ಅಲ್ಲೇ ನಿಂತಿದ್ದ. ಮುಂದಿನ ಪ್ರಶ್ನೆ ಇರಲಿಲ್ಲ.