ಮೈಕಕ್ಕನ ದನಿ

ಬಸ್ ನಿಲ್ದಾಣದಲ್ಲಿ ಹದಿನೆಂಟು ವರ್ಷದಿಂದ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗಿ ಕೂಗಿ ಅವಳಿಗೆ ಮೈಕಕ್ಕ ಎಂದೇ ಹೆಸರು ಬಿದ್ದುಹೋಗಿತ್ತು. ಅವತ್ತು ಪಾಳಿ ಮುಗಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ಫೋನ್ ಬಂತು. ಕುರ್ಚಿ ಅಜ್ಜನ ಮಗಳು. ಬೆತ್ತದ ಕುರ್ಚಿ ಹೆಣೆಯುವ ಆ ಅಜ್ಜನಿಗೆ ಹುಟ್ಟಿನಿಂದ ಕಣ್ಣಿಲ್ಲ.

"ನಿನ್ನ ಬಾಯಿಗೆ ಮಣ್ಣು ಹಾಕ! ನಿನ್ನ ಮಾತು ಕೇಳ್ಕೊಂಡು ನಮ್ಮಪ್ಪ ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟು ಯಾವುದೋ ಪುಡಿ ತಿಂದ್ರು. ಕಾಲಿನ ಗಾಯ ಕೊಳೆತು ನಿನ್ನೆ ಹೆಬ್ಬೆರಳು ತೆಗೆದ್ರು!"

"ನಾನ್ಯಾವಾಗ ಹೇಳ್ದೆ?"

"ದಿನಾ ಬೆಳಿಗ್ಗೆ! ಫೋನ್ ಒಳಗಿಂದ!"

ಮೈಕಕ್ಕನ ತಮ್ಮ ಕಂಪ್ಯೂಟರ್ ರಿಪೇರಿ ಮಾಡುವವನು. ಕಣ್ಣಿಲ್ಲದವರಿಗೆ ಫೋನಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಬರೆದು ಪುಕ್ಕಟೆ ಹಂಚಿದ್ದ. ಅದಕ್ಕೆ ದನಿ ಅಕ್ಕನದು. ಆರು ತಿಂಗಳು, ಪ್ರತಿ ಭಾನುವಾರ, ಹೊರಗಿನ ಸದ್ದು ಬರಬಾರದೆಂದು ಮೂರು ಕಂಬಳಿ ಹೊದ್ದು, ಬೆವರು ಸುರಿಸುತ್ತಾ ಅವಳು ಸಾವಿರಾರು ತುಂಡು ಸದ್ದುಗಳನ್ನು ನುಡಿದಿದ್ದಳು. ಆ ತುಂಡುಗಳನ್ನು ಜೋಡಿಸಿ ಯಾವ ವಾಕ್ಯವನ್ನಾದರೂ ಅವಳ ಬಾಯಲ್ಲಿ ಹೇಳಿಸಬಹುದಿತ್ತು. ಅದಕ್ಕೇ ತಮ್ಮ ಷರತ್ತು ಹಾಕಿದ್ದ. ಸಾಫ್ಟ್‌ವೇರ್ ತೆರೆದ ಕೂಡಲೇ ಅವಳೇ ಅದನ್ನು ಹೇಳುತ್ತಿದ್ದಳು: ಯಾರು ಬೇಕಾದರೂ ಹಂಚಿ, ಆದರೆ ತಿದ್ದಿದರೆ ತಿದ್ದಿದ್ದೇವೆಂದು ಹೇಳಿ, ಬೇರೆ ಹೆಸರಿಡಿ, ಈ ದನಿ ತೆಗೆದುಬಿಡಿ.

ತಮ್ಮ ಆಸ್ಪತ್ರೆಗೆ ಓಡಿದ. ಮೈಕಕ್ಕ ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗುವುದು? ತಮ್ಮ ಅಜ್ಜನ ಫೋನ್ ತೆರೆದು ನೋಡಿದರೆ ಅದರಲ್ಲಿ ಆ ಷರತ್ತೇ ಇರಲಿಲ್ಲ. ಅದನ್ನು ಕಿತ್ತ ಜಾಗದಲ್ಲಿ, ಅದೇ ಹೆಸರಿನಲ್ಲಿ, ಅದೇ ದನಿಯಲ್ಲಿ, "ಮಾತ್ರೆ ಬಿಡಿ, ಈ ಪುಡಿಯೊಂದೇ ಸಾಕು" ಎಂದು ಕೂರಿಸಿದ್ದರು. ಅದನ್ನು ಫೋನಿಗೆ ಹಾಕಿಕೊಟ್ಟವನು ಮಾರುಕಟ್ಟೆ ಮೂಲೆಯ ಮೊಬೈಲ್ ಅಂಗಡಿಯವನು. ಪುಡಿಯ ಡಬ್ಬಿಗಳೂ ಅವನ ಅಂಗಡಿಯಲ್ಲೇ ಸಾಲಾಗಿ ನಿಂತಿದ್ದವು.

ಮೈಕಕ್ಕ ಅಲ್ಲಿಗೆ ಹೋದಾಗ ಅವನು ಯಾರದೋ ಫೋನಿನ ಬೆನ್ನು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಪುಕ್ಕಟೆ ಬಿಟ್ಟಿದ್ದನ್ನ ನಾನೂ ಹಂಚಿದೆ. ನಿಮಗ್ಯಾಕೆ ಹೊಟ್ಟೆಯುರಿ?"

"ಪುಕ್ಕಟೆ ಕೊಟ್ಟಿದ್ದು ಸಾಫ್ಟ್‌ವೇರ್ ಕಣಯ್ಯಾ, ನನ್ನ ಬಾಯಲ್ಲ! ನಾನಾಡದ ಮಾತನ್ನ ನನ್ನ ಕೈಲಿ ಆಡಿಸಿ ಮುದುಕನ ಬೆರಳು ಕತ್ತರಿಸಿದೀಯಲ್ಲೋ!"

ಹನ್ನೆರಡು ಪ್ಲಾಟ್‌ಫಾರ್ಮಿಗೆ ಮುಟ್ಟುವ ಗಂಟಲು ಅದು. ಇಡೀ ಮಾರುಕಟ್ಟೆ ತಿರುಗಿ ನೋಡಿತು. ಅಂಗಡಿಯವನು "ಕೋರ್ಟಿಗೆ ಹೋಗ್ರೀ" ಎಂದು ಬಾಗಿಲು ಎಳೆದುಕೊಂಡ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳಬೇಕಾದವನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, "ಪುಕ್ಕಟೆ ಅಂದ್ಮೇಲೆ ಕಳ್ಳತನ ಹೇಗಾಗುತ್ತಮ್ಮಾ?" ಎಂದು ನಕ್ಕ. ಅವನ ಹಲ್ಲು ಉದುರಿಸಬೇಕು ಅನ್ನಿಸಿತು ಅವಳಿಗೆ.

ಮನೆಯಲ್ಲಿ ತಮ್ಮ ತಲೆ ತಗ್ಗಿಸಿ ಕೂತಿದ್ದ.

"ಇನ್ಮೇಲೆ ನಮ್ಮ ಪ್ರತಿಗೆ ಮುದ್ರೆ ಹಾಕ್ತೀನಕ್ಕಾ. ಯಾರಾದ್ರೂ ಒಂದಕ್ಷರ ತಿದ್ದಿದ್ರೂ ಮುದ್ರೆ ಒಡೆಯುತ್ತೆ. ಇದು ನಮ್ಮದಲ್ಲ ಅಂತ ಗೊತ್ತಾಗುತ್ತೆ."

"ಈಗಾಗಲೇ ಹಂಚಿ ಹೋಗಿರೋದು?"

"ಅದನ್ನ ವಾಪಸ್ ತರೋಕಾಗಲ್ಲ. ನಿನ್ನ ದನಿ ಆ ಅಂಗಡಿಯವನ ಹತ್ರಾನೇ ಇರುತ್ತೆ. ಅದಕ್ಕೇ ನಮ್ಮದ್ರಿಂದ ನಿನ್ನ ದನಿ ತೆಗೆದು ಬೇರೆಯವರದ್ದು ಹಾಕ್ಬೇಕು. ಈ ದನಿ ನಂಬಬೇಡಿ ಅಂತ ಎಲ್ಲರಿಗೂ ನೀನೇ ಹೇಳ್ಬೇಕು."

"ಕದ್ದೋನು ಅವನು, ಬಾಯಿ ಮುಚ್ಕೊಳ್ಳೋಳು ನಾನಾ?" ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಬಿಸಾಡಿದಳು. ತಮ್ಮ ಎದ್ದು ಚೂರುಗಳನ್ನು ಆರಿಸತೊಡಗಿದ. ಅವನ ಮೇಲೂ ಸಿಟ್ಟು ಬಂತು, ಇಂಥ ಒಳ್ಳೆಯತನದ ಮೇಲೆಯೇ ಸಿಟ್ಟು ಬಂತು. ಆದರೂ ಕುರ್ಚಿ ಅಜ್ಜನ ಇನ್ನೊಂದು ಬೆರಳು ಹೋಗಬಾರದಲ್ಲ. ಸಾಫ್ಟ್‌ವೇರ್ ಬಳಸುವವರ ಇನ್ನೂರು ನಂಬರುಗಳ ಪಟ್ಟಿ ಎದುರಿಗಿಟ್ಟುಕೊಂಡು ಮೊದಲು ಅವನಿಗೇ ಫೋನ್ ಮಾಡಿದಳು.

"ಅಜ್ಜಾ, ಇನ್ಮೇಲೆ ಫೋನಿಂದ ನನ್ನ ದನಿ ಬಂದ್ರೆ ನಂಬಬೇಡಿ. ಯಾರೋ ಕದ್ದಿದ್ದಾರೆ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ."

ಆ ಕಡೆಯಿಂದ ಅಜ್ಜ ಕೇಳಿದ:

"ಇದೂ ಫೋನೇ ಅಲ್ವೇನಮ್ಮಾ? ಹಾಗಾದ್ರೆ ಈಗ ಮಾತಾಡ್ತಿರೋದು ಯಾರು?"

ಅವಳು ಕರೆ ಕಡಿದು, ಹಾಕಿಕೊಂಡಿದ್ದ ಬಟ್ಟೆಯಲ್ಲೇ ಆಸ್ಪತ್ರೆಗೆ ಹೋದಳು. ಕಾಲಿಗೆ ಪಟ್ಟಿ ಸುತ್ತಿಕೊಂಡು ಅಜ್ಜ ಗೋಡೆಗೊರಗಿ ಕೂತಿದ್ದ. ಮೂರು ವರ್ಷದ ಪರಿಚಯವೆಲ್ಲ ಫೋನಿನಲ್ಲೇ, ಒಮ್ಮೆಯೂ ಅವರು ಎದುರಾಗಿರಲಿಲ್ಲ. ಅವಳು ತನ್ನ ಕೈಯನ್ನು ಅವನ ಅಂಗೈಯಲ್ಲಿಟ್ಟಳು. ಬೆತ್ತ ಎಳೆದು ಗಂಟುಗಟ್ಟಿದ ಬೆರಳುಗಳು ಅದನ್ನು ತಡವಿ ನೋಡಿದವು.

"ಯಾರು?" ಎಂದ ಅಜ್ಜ.

ಹೇಳಿಕೊಳ್ಳಲು ಅವಳ ಹತ್ತಿರ ಇದ್ದದ್ದು ಆ ದನಿಯೊಂದೇ.